ಮೇಲೆ ಕಪ್ಪು, ಒಳಗೆ ಹಸಿ: ಮನೆಯ ಓವನ್ ಪಳಗಿಸಿಕೊಳ್ಳುವ ಬಗೆ

"ರೆಸಿಪಿಯಲ್ಲಿ ಇದ್ದದ್ದನ್ನು ಚಾಚೂ ತಪ್ಪದೆ ಮಾಡಿದೆ. 180 ಡಿಗ್ರಿ, 35 ನಿಮಿಷ. ಆದರೂ ಕೇಕ್ ಮೇಲೆ ಕಪ್ಪಾಯಿತು, ಕತ್ತರಿಸಿದರೆ ಒಳಗೆ ಹಸಿ." ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು: ಬಿಸ್ಕತ್ತು ಒಂದು ಮೂಲೆಯಲ್ಲಿ ಮಾತ್ರ ಸೀಯುವುದೇಕೆ? ತರಕಾರಿ ಗರಿಗರಿಯಾಗದೆ ಬೆಂದು ಮೆತ್ತಗಾಗುವುದೇಕೆ?

ಹೀಗಾದಾಗ ಮೊದಲು ರೆಸಿಪಿಯ ಮೇಲೆ ಅನುಮಾನ ಬರುತ್ತದೆ, ಆಮೇಲೆ ಹಿಟ್ಟಿನ ಮೇಲೆ. ಹೆಚ್ಚಿನ ಸಲ ತಪ್ಪು ಎರಡರದ್ದೂ ಅಲ್ಲ. ಗುಂಡಿ ತಿರುಗಿಸಿ ನೀವು ಕೇಳಿದ ಶಾಖವೇ ಬೇರೆ, ಟಿನ್ನಿಗೆ ತಲುಪಿದ ಶಾಖವೇ ಬೇರೆ. ರೆಸಿಪಿ ಬರೆದವರು ತಮ್ಮ ಓವನ್ನಿನ ಲೆಕ್ಕದಲ್ಲಿ ಬರೆದಿರುತ್ತಾರೆ. ಅದನ್ನು ನಿಮ್ಮ ಓವನ್ನಿನ ಲೆಕ್ಕಕ್ಕೆ ಇಳಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ನೋಡೋಣ.

ಬೇಕಾಗುವ ಸಾಮಾನು

ಓವನ್ ಒಳಗೇ ಇಡುವ ಥರ್ಮಾಮೀಟರ್, ಗ್ರಾಂ ಲೆಕ್ಕ ತೋರಿಸುವ ಡಿಜಿಟಲ್ ತಕ್ಕಡಿ, ತಿಳಿ ಬಣ್ಣದ ಅಲ್ಯೂಮಿನಿಯಂ ಟಿನ್, ಬೇಕಿಂಗ್ ಪೇಪರ್, ಮೊಣಕೈವರೆಗೆ ಬರುವ ದಪ್ಪ ಕೈಗವಸು, ಆರಿಸಲು ಕಾಲಿರುವ ತಂತಿ ಜಾಲರಿ. ಮಾಂಸ ಅಥವಾ ಬ್ರೆಡ್ ಮಾಡುವವರಿಗೆ ಚುಚ್ಚಿ ನೋಡುವ ಥರ್ಮಾಮೀಟರ್ ಕೂಡ ಬೇಕು. ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಆಗದಿದ್ದರೆ ಓವನ್ ಥರ್ಮಾಮೀಟರ್ ಮತ್ತು ತಕ್ಕಡಿ ಮೊದಲು ಬರಲಿ. ಬೀಟರ್, ಚಂದದ ಅಚ್ಚುಗಳು ಆಮೇಲೆ ಬಂದರೂ ನಡೆಯುತ್ತದೆ.

ಹಂತ 1: ನಿಮ್ಮದು ಯಾವ ಬಗೆಯ ಓವನ್?

ಮೇಜಿನ ಮೇಲಿಡುವ ಒಟಿಜಿಯಲ್ಲಿ (ಓವನ್-ಟೋಸ್ಟರ್-ಗ್ರಿಲ್) ಮೇಲೆ, ಕೆಳಗೆ ಶಾಖದ ರಾಡ್‌ಗಳಿರುತ್ತವೆ. ಜಾಗ ಚಿಕ್ಕದಾದ್ದರಿಂದ ತಿಂಡಿ ರಾಡಿಗೆ ತೀರಾ ಹತ್ತಿರ ಕೂರುತ್ತದೆ. ಮೇಲೆ ಸೀಯುವ ದೂರುಗಳಲ್ಲಿ ದೊಡ್ಡ ಪಾಲು ಬರುವುದು ಇಲ್ಲಿಂದಲೇ. ಗೋಡೆಗೆ ಕೂರಿಸುವ ದೊಡ್ಡ ಓವನ್ನಿನಲ್ಲಿ ಜಾಗ ಹೆಚ್ಚು, ಶಾಖ ನಿಧಾನಕ್ಕೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಕನ್ವೆಕ್ಷನ್ ಎಂದರೆ ಫ್ಯಾನ್ ಬಿಸಿ ಗಾಳಿಯನ್ನು ಸುತ್ತಿಸುವ ವ್ಯವಸ್ಥೆ. ಗಾಳಿ ಓಡಾಡಿದಷ್ಟೂ ತಿಂಡಿಗೆ ಶಾಖ ಬೇಗ ತಗಲುತ್ತದೆ. ಹಾಗಾಗಿ ಫ್ಯಾನ್ ಇಲ್ಲದ ಓವನ್ನಿಗೆ ಬರೆದ ರೆಸಿಪಿಯಾದರೆ, ಫ್ಯಾನ್ ಹಾಕಿದಾಗ 20 ಡಿಗ್ರಿ ಕಡಿಮೆ ಇಡಿ.

ಕನ್ವೆಕ್ಷನ್ ಮೈಕ್ರೋವೇವ್ ಇರುವವರು ಗಮನಿಸಿ: ಕೇಕ್ ಬೇಯಿಸಬೇಕಾದ್ದು ಕನ್ವೆಕ್ಷನ್ ಮೋಡ್‌ನಲ್ಲಿ ಮಾತ್ರ. ಆ ಮೋಡ್‌ನಲ್ಲಿ ಲೋಹದ ಟಿನ್ ಬಳಸಬಹುದು, ಮೈಕ್ರೋವೇವ್ ಅಥವಾ ಎರಡೂ ಒಟ್ಟಿಗೆ ನಡೆಯುವ ಕಾಂಬಿನೇಷನ್ ಮೋಡ್‌ನಲ್ಲಿ ಬಳಸಬಾರದು. ಟಿನ್ನನ್ನು ಗಾಜಿನ ತಟ್ಟೆಯ ಮೇಲೆ ನೇರವಾಗಿ ಇಡದೆ, ಜೊತೆಗೆ ಬಂದ ಗಿಡ್ಡ ಸ್ಟ್ಯಾಂಡಿನ ಮೇಲಿಟ್ಟರೆ ತಳಕ್ಕೂ ಬಿಸಿ ಗಾಳಿ ತಗಲುತ್ತದೆ.

ಓವನ್ ಹೊಸದಾಗಿದ್ದರೆ ಮೊದಲ ಬಳಕೆಗೆ ಮುನ್ನ ಒಳಗಿನ ಕಾಗದ, ಪ್ಲಾಸ್ಟಿಕ್ ಎಲ್ಲ ತೆಗೆದು, ಕಿಟಕಿ ತೆರೆದಿಟ್ಟು, ಖಾಲಿ ಓವನ್ನನ್ನು ಹೆಚ್ಚಿನ ಶಾಖದಲ್ಲಿ 15-20 ನಿಮಿಷ ಓಡಿಸಿ. ಸ್ವಲ್ಪ ಹೊಗೆ, ವಾಸನೆ ಬರುತ್ತದೆ. ಅದು ರಾಡ್‌ಗಳಿಗೆ ಸವರಿದ ಲೇಪ ಸುಡುವುದರಿಂದ.

ಹಂತ 2: ನಿಜವಾದ ಶಾಖ ಅಳೆಯಿರಿ

ಓವನ್ ಒಂದೇ ಮಟ್ಟದ ಶಾಖದಲ್ಲಿ ನಿಲ್ಲುವುದಿಲ್ಲ. ಥರ್ಮೋಸ್ಟಾಟ್, ಅಂದರೆ ಶಾಖವನ್ನು ಹಿಡಿತದಲ್ಲಿಡುವ ಸ್ವಿಚ್ಚು, ನಿಗದಿ ಮಟ್ಟ ಮುಟ್ಟಿದೊಡನೆ ರಾಡ್ ಆರಿಸುತ್ತದೆ. ತಣ್ಣಗಾಗುತ್ತಿದ್ದಂತೆ ಮತ್ತೆ ಹೊತ್ತಿಸುತ್ತದೆ. ಹೀಗಾಗಿ 180ಕ್ಕೆ ಇಟ್ಟ ಓವನ್ 165ಕ್ಕೂ 195ಕ್ಕೂ ನಡುವೆ ಓಲಾಡುತ್ತಿದ್ದರೆ ಅದು ಕೆಟ್ಟಿದೆ ಎಂದಲ್ಲ. ನಮಗೆ ಬೇಕಿರುವುದು ಸರಾಸರಿ.

ಥರ್ಮಾಮೀಟರನ್ನು ನಡುವಿನ ರ‍್ಯಾಕಿನ ಮಧ್ಯದಲ್ಲಿ, ಬಾಗಿಲಿನ ಗಾಜಿನಿಂದ ಓದಲು ಬರುವಂತೆ ಇಡಿ. ಗುಂಡಿ 180ಕ್ಕೆ ತಿರುಗಿಸಿ 20 ನಿಮಿಷ ಬಿಡಿ. ಆಮೇಲೆ 5 ನಿಮಿಷಕ್ಕೊಮ್ಮೆ ಆರು ಸಲ ಅಂಕಿ ಬರೆದುಕೊಳ್ಳಿ. ಬಾಗಿಲು ತೆರೆಯಬೇಡಿ. ಉದಾಹರಣೆಗೆ 172, 158, 149, 163, 176, 160 ಬಂತು ಎಂದುಕೊಳ್ಳಿ. ಕೂಡಿ ಆರರಿಂದ ಭಾಗಿಸಿದರೆ 163. ಅಂದರೆ ಈ ಓವನ್ 17 ಡಿಗ್ರಿ ಹಿಂದಿದೆ. ರೆಸಿಪಿ 180 ಎಂದಾಗ ಇದರ ಗುಂಡಿಯನ್ನು 195ರ ಆಸುಪಾಸಿಗೆ ತಿರುಗಿಸಬೇಕು. ಇದೇ ಪರೀಕ್ಷೆಯನ್ನು 150 ಮತ್ತು 220ರಲ್ಲೂ ಮಾಡಿ. ಕೆಳಗಿನ ಶಾಖದಲ್ಲಿ ಸರಿಯಾಗಿರುವ ಓವನ್ ಮೇಲಿನ ಶಾಖದಲ್ಲಿ ತಪ್ಪಬಹುದು. ಬಂದ ಲೆಕ್ಕವನ್ನು ಚೀಟಿಯಲ್ಲಿ ಬರೆದು ಓವನ್ ಪಕ್ಕದ ಗೋಡೆಗೆ ಅಂಟಿಸಿ. ಓವನ್ನಿನ ಮೈಗೇ ಅಂಟಿಸಿದರೆ ಚೀಟಿ ಬಿಸಿಗೆ ಸುಡಬಹುದು.

ಥರ್ಮಾಮೀಟರ್ ಸಿಗುವವರೆಗೆ ಸಕ್ಕರೆಯ ಪರೀಕ್ಷೆ ಮಾಡಬಹುದು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಅಲ್ಯೂಮಿನಿಯಂ ಫಾಯಿಲ್ಲಿನ ಪುಟ್ಟ ದೊನ್ನೆಯಲ್ಲಿ ಅರ್ಧ ಟೀ ಚಮಚ ಸಕ್ಕರೆ ಹಾಕಿ, ಪೂರ್ತಿ ಬಿಸಿಯಾದ ಓವನ್ನಿನಲ್ಲಿ 175ಕ್ಕೆ 15 ನಿಮಿಷ ಇಡಿ. ಹರಳು ಹರಳಾಗಿಯೇ ಉಳಿಯಬೇಕು. ಇನ್ನೊಂದು ದೊನ್ನೆಯನ್ನು 190ಕ್ಕೆ 15 ನಿಮಿಷ ಇಡಿ. ಕರಗಬೇಕು. ಮೊದಲನೆಯದೇ ಕರಗಿದರೆ ಓವನ್ ತೋರಿಸುವುದಕ್ಕಿಂತ ಬಿಸಿ. ಎರಡನೆಯದೂ ಕರಗದಿದ್ದರೆ ತಣ್ಣಗಿದೆ. ಎಷ್ಟು ಡಿಗ್ರಿ ವ್ಯತ್ಯಾಸ ಎಂಬುದು ಇದರಿಂದ ತಿಳಿಯದು, ಯಾವ ಕಡೆಗೆ ವಾಲಿದೆ ಎಂಬುದು ಖಂಡಿತ ತಿಳಿಯುತ್ತದೆ. ಕರಗಿದ ಸಕ್ಕರೆಗೆ ಬೆರಳು ತಗಲಿಸಬೇಡಿ, ಅಂಟಿಕೊಂಡು ಆಳವಾಗಿ ಸುಡುತ್ತದೆ.

ಹಂತ 3: ಸೀಯುವ ಮೂಲೆ ಯಾವುದು?

ನಡುವಿನ ರ‍್ಯಾಕಿನ ಮೇಲೆ ಬ್ರೆಡ್ ಹೋಳುಗಳನ್ನು ಒತ್ತೊತ್ತಾಗಿ ಜೋಡಿಸಿ, 180ರಲ್ಲಿ 5ರಿಂದ 8 ನಿಮಿಷ ಇಡಿ. ಕೆಲವು ಹೋಳು ಕಂದಾಗಿ ಕೆಲವು ಬಿಳಿಯಾಗಿರುವ ಹಂತದಲ್ಲಿ ಹೊರತೆಗೆದು, ಇಟ್ಟ ಕ್ರಮದಲ್ಲೇ ಮೇಜಿನ ಮೇಲೆ ಜೋಡಿಸಿ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಮಗುಚಿ ತಳವನ್ನೂ ನೋಡಿ. ಬಾಗಿಲ ಬಳಿ ಬಿಳಿ, ಹಿಂದೆ ಎಡಮೂಲೆಯಲ್ಲಿ ಕಪ್ಪು ಎಂದು ಕಂಡರೆ, ಇನ್ನು ಮುಂದೆ ಬೇಯುವ ಹೊತ್ತಿನ ಮುಕ್ಕಾಲು ಪಾಲು ಕಳೆದ ಮೇಲೆ ಟ್ರೇಯನ್ನು ಹಿಂದುಮುಂದು ಮಾಡಬೇಕು. ಅದಕ್ಕಿಂತ ಮುಂಚೆ ಕೇಕ್ ಮುಟ್ಟಬೇಡಿ, ನಡುಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ.

ಹಂತ 4: ಪ್ರೀಹೀಟ್, ದೀಪ ಆರಿದ ಮೇಲೂ

ಪ್ರೀಹೀಟ್ ಎಂದರೆ ತಿಂಡಿ ಇಡುವ ಮೊದಲೇ ಓವನ್ ಬಿಸಿ ಮಾಡುವುದು. ದೀಪ ಆರಿದಾಗ ಅಥವಾ ಬೀಪ್ ಬಂದಾಗ ಸಾಕಷ್ಟು ಬಿಸಿಯಾಗಿರುವುದು ಸೆನ್ಸರ್ ಇರುವ ಜಾಗ ಮಾತ್ರ. ಗೋಡೆ, ರ‍್ಯಾಕ್, ಬಾಗಿಲು ಇನ್ನೂ ಶಾಖ ಹೀರಿಕೊಳ್ಳುತ್ತಿರುತ್ತವೆ. ಆಗಲೇ ಬಾಗಿಲು ತೆರೆದು ತಣ್ಣನೆಯ ಟಿನ್ ಇಟ್ಟರೆ ಶಾಖ ತಟ್ಟನೆ ಕುಸಿಯುತ್ತದೆ. ಅದನ್ನು ಮೇಲೆತ್ತಲು ರಾಡ್‌ಗಳು ಪೂರ್ತಿ ಕೆಂಪಾಗಿ ಉರಿಯುತ್ತವೆ, ಕೇಕಿನ ಮೇಲ್ಮೈ ಆ ಉರಿಗೆ ನೇರವಾಗಿ ಸಿಗುತ್ತದೆ. ಒಳಗೆ ಬಿಸಿಯೇ ಹೋಗಿಲ್ಲ, ಮೇಲೆ ಆಗಲೇ ಕಪ್ಪು!

ಆದ್ದರಿಂದ ದೀಪ ಆರಿದ ಮೇಲೆ ಒಟಿಜಿಯಲ್ಲಿ ಇನ್ನೂ 10 ನಿಮಿಷ, ದೊಡ್ಡ ಓವನ್ನಿನಲ್ಲಿ 15-20 ನಿಮಿಷ ಕಾಯಿರಿ. ಪಿಜ್ಜಾ ಕಲ್ಲು ಇಟ್ಟಿದ್ದರೆ 45 ನಿಮಿಷ ಬೇಕು. ಕೇಕಿಗೆ 10 ಡಿಗ್ರಿ ಹೆಚ್ಚು ಬಿಸಿ ಮಾಡಿಕೊಂಡು, ಟಿನ್ ಇಟ್ಟ ಕೂಡಲೇ ಸರಿಯಾದ ಅಂಕಿಗೆ ಇಳಿಸುವುದು ಒಳ್ಳೆಯ ಅಭ್ಯಾಸ. ಒಟಿಜಿಯಲ್ಲಿ ರಾಡ್ ಆಯ್ಕೆಯ ಗುಂಡಿ ಇದ್ದರೆ, ಎರಡೂ ರಾಡಿನಲ್ಲಿ ಬಿಸಿ ಮಾಡಿ, ಕೇಕ್ ಇಟ್ಟ ಮೇಲೂ ಎರಡರಲ್ಲೇ ಬೇಯಿಸಿ. ಮೇಲೆ ಬೇಗ ಬಣ್ಣ ಬರುವ ಪುಟ್ಟ ಒಟಿಜಿಗಳಲ್ಲಿ ಮಾತ್ರ ಕೆಳಗಿನ ರಾಡಿನಲ್ಲಿ ಬೇಯಿಸಿ, ಕೊನೆಯ 5-7 ನಿಮಿಷ ಮೇಲಿನದ್ದನ್ನು ಹಾಕಿದರೆ ಸಾಕು.

ಹಂತ 5: ಟಿನ್ ಎಲ್ಲಿಡಬೇಕು?

ನೆನಪಿಡಬೇಕಾದ್ದು ಇಷ್ಟು: ರ‍್ಯಾಕ್ ನಡುವೆ ಇರುವುದು ಮುಖ್ಯವಲ್ಲ, ತಿಂಡಿ ನಡುವೆ ಇರುವುದು ಮುಖ್ಯ. ಎತ್ತರದ ಬ್ರೆಡ್ ಟಿನ್ನನ್ನು ನಡುವಿನ ರ‍್ಯಾಕಿನಲ್ಲಿ ಇಟ್ಟರೆ, ಉಬ್ಬಿದಾಗ ಅದರ ತಲೆ ಮೇಲಿನ ರಾಡಿಗೆ ತಾಗುವಷ್ಟು ಹತ್ತಿರ ಹೋಗುತ್ತದೆ. ಅಂಥದ್ದಕ್ಕೆ ಒಂದು ಮಟ್ಟ ಕೆಳಗಿನ ರ‍್ಯಾಕ್. ಬಿಸ್ಕತ್ತಿನಂಥ ಚಪ್ಪಟೆ ತಿಂಡಿಗೆ ನಡುವಿನದೇ ಸರಿ. ತಳ ಗರಿಗರಿಯಾಗಬೇಕಾದ ಪಿಜ್ಜಾ, ಪೈ ಕೆಳಗೆ. ಮೇಲಿನ ಚೀಸ್ ಕೆಂಪಾಗಬೇಕಾದರೆ ಕೊನೆಯ 2-3 ನಿಮಿಷ ಮೇಲಕ್ಕೆ, ಆಗ ಓವನ್ ಮುಂದಿನಿಂದ ಕದಲಬೇಡಿ.

ಟಿನ್ನಿನ ಸುತ್ತ ಎಲ್ಲ ಕಡೆ ಕನಿಷ್ಠ 3ರಿಂದ 5 ಸೆಂಟಿಮೀಟರ್ ಖಾಲಿ ಬಿಡಿ. ಚಿಕ್ಕ ಒಟಿಜಿಗೆ ಗೋಡೆಗೆ ತಾಗುವಂಥ 9 ಇಂಚಿನ ಟಿನ್ ತುರುಕಿದರೆ ಬಿಸಿ ಗಾಳಿಗೆ ಮೇಲೆ ಕೆಳಗೆ ಓಡಾಡಲು ದಾರಿಯೇ ಇರುವುದಿಲ್ಲ. ಇದೇ ಕಾರಣಕ್ಕೆ ಓವನ್ ತಳಕ್ಕೆ ಫಾಯಿಲ್ ಹಾಸಬೇಡಿ. ಚೆಲ್ಲಿದ್ದನ್ನು ಒರೆಸುವ ಶ್ರಮ ಉಳಿಯಬಹುದು, ಆದರೆ ಕೆಳಗಿನ ಶಾಖಕ್ಕೆ ಅದು ಅಡ್ಡ ಬರುತ್ತದೆ, ರಾಡಿಗೂ ಒಳಮೈಗೂ ಹಾನಿ.

ಹಂತ 6: ಟಿನ್ನಿನ ಬಣ್ಣ, ಅಳತೆ

ತಿಳಿ ಬಣ್ಣದ ಅಲ್ಯೂಮಿನಿಯಂ ಟಿನ್ ಶಾಖವನ್ನು ಸಮವಾಗಿ ಹಂಚುತ್ತದೆ. ಕಪ್ಪು ನಾನ್‌ಸ್ಟಿಕ್ ಟಿನ್ ರಾಡಿನ ಶಾಖವನ್ನು ಹೆಚ್ಚು ಹೀರುತ್ತದೆ, ಅಂಚು ಮತ್ತು ತಳ ಬೇಗ ಗಟ್ಟಿಯಾಗುತ್ತವೆ. ಗಾಜು ನಿಧಾನಕ್ಕೆ ಬಿಸಿಯಾಗಿ, ಹೊರತೆಗೆದ ಮೇಲೂ ಬಹಳ ಹೊತ್ತು ಬೇಯಿಸುತ್ತಲೇ ಇರುತ್ತದೆ. ಕಪ್ಪು ಟಿನ್ನಾಗಲಿ ಗಾಜಾಗಲಿ, 10ರಿಂದ 15 ಡಿಗ್ರಿ ಇಳಿಸಿ. ಗಾಜಿನಲ್ಲಿ ಸಮಯ ತುಸು ಹೆಚ್ಚು ಹಿಡಿಯಬಹುದು. ಸಿಲಿಕೋನ್ ಅಚ್ಚಿನಲ್ಲಿ ತಳಕ್ಕೆ ಒಳ್ಳೆಯ ಬಣ್ಣ ಬರುವುದಿಲ್ಲ.

ಫ್ರಿಜ್ಜಿನಿಂದ ತೆಗೆದ ಗಾಜಿನ ಪಾತ್ರೆಯನ್ನು ನೇರ ಬಿಸಿ ಓವನ್ನಿಗೆ ಇಡಬೇಡಿ, ಬಿಸಿ ಗಾಜಿಗೆ ತಣ್ಣೀರು ಹಾಕಬೇಡಿ, ಒದ್ದೆ ಕಲ್ಲಿನ ಮೇಲೆ ಇಳಿಸಬೇಡಿ. ಹಠಾತ್ ಬಿಸಿ-ತಂಪಿಗೆ ಅದು ಸಿಡಿಯುತ್ತದೆ.

ಇನ್ನು ಅಳತೆ. 6 ಇಂಚಿನ ದುಂಡು ಟಿನ್ನಿನ ತಳ ಸುಮಾರು 28 ಚದರ ಇಂಚು, 7 ಇಂಚಿನದ್ದು 38, 8 ಇಂಚಿನದ್ದು 50, 9 ಇಂಚಿನದ್ದು 64. ಎರಡೇ ಇಂಚಿನ ಅಂತರ ಎನಿಸಿದರೂ 6 ಇಂಚಿನ ಟಿನ್ನಿನಲ್ಲಿ 8 ಇಂಚಿನದರ ಅರ್ಧಕ್ಕಿಂತ ತುಸು ಹೆಚ್ಚು ಜಾಗ ಮಾತ್ರ ಇದೆ. 8 ಇಂಚಿಗೆ ಬರೆದ ಹಿಟ್ಟನ್ನು ಪೂರ್ತಿ ಅದಕ್ಕೆ ಸುರಿದರೆ ಮೇಲೆ ಕಪ್ಪು, ಒಳಗೆ ಹಸಿ ಆಗದೆ ಇನ್ನೇನು? ಅರ್ಧ ರೆಸಿಪಿ ಮಾಡಿ. 8 ಇಂಚಿನ ಚೌಕ ಟಿನ್ ಮತ್ತು 9 ಇಂಚಿನ ದುಂಡು ಟಿನ್ ಒಂದರ ಬದಲು ಇನ್ನೊಂದು ನಡೆಯುತ್ತದೆ, ಎರಡರ ತಳವೂ 64 ಚದರ ಇಂಚು. ಯಾವ ಟಿನ್ನಾದರೂ ಅರ್ಧದಿಂದ ಮೂರನೇ ಎರಡು ಭಾಗದಷ್ಟು ಮಾತ್ರ ತುಂಬಿ.

ತಳಕ್ಕೆ ಬೇಕಿಂಗ್ ಪೇಪರ್ ಹಾಕಿ. ಮೇಣ ಹಚ್ಚಿದ ಕಾಗದ ಬೇಡ, ಅದು ಕರಗಿ ಹೊಗೆಯಾಡುತ್ತದೆ. ಬೇಕಿಂಗ್ ಪೇಪರಿನ ಪೊಟ್ಟಣದ ಮೇಲೂ ಅದು ತಡೆಯುವ ಶಾಖ ಬರೆದಿರುತ್ತದೆ, ನೋಡಿಕೊಳ್ಳಿ. ರಾಡಿಗೆ ತಾಗುವಂತೆ ಕಾಗದದ ಅಂಚು ಹೊರಚಾಚಿರಬಾರದು.

ಹಂತ 7: ಕಪ್ ಅಳತೆಯಲ್ಲಿ ಅಲ್ಲ, ತೂಕದಲ್ಲಿ

ಒಂದು ಕಪ್ ಮೈದಾ ಎಂದರೆ 120ರಿಂದ 125 ಗ್ರಾಂ. ಕಪ್ಪನ್ನೇ ಡಬ್ಬಿಗೆ ಅದ್ದಿ ಒತ್ತಿ ತುಂಬಿದರೆ ಅದೇ ಕಪ್ 150 ಗ್ರಾಂ ದಾಟುತ್ತದೆ. ಎರಡು ಕಪ್ಪಿಗೆ 50 ಗ್ರಾಂ ಹೆಚ್ಚಾಯಿತು, ಕೇಕ್ ಒಣಗಿ ಬಿರುಕು ಬಿಟ್ಟಿತು. ತಕ್ಕಡಿ ಇಲ್ಲದಿದ್ದರೆ ಹಿಟ್ಟನ್ನು ಚಮಚದಿಂದ ಹಗುರಾಗಿ ಕಪ್ಪಿಗೆ ಹಾಕಿ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ.

ಕಪ್ ಮೈದಾಗೆ 1ರಿಂದ 1¼ ಟೀ ಚಮಚ ಬೇಕಿಂಗ್ ಪೌಡರ್ ಸಾಕು. ಬೇಕಿಂಗ್ ಸೋಡಾ ಆದರೆ ಕಾಲು ಟೀ ಚಮಚ, ಅದೂ ಮೊಸರು, ನಿಂಬೆರಸದಂಥ ಹುಳಿ ಇದ್ದಾಗ ಮಾತ್ರ. ಚೆನ್ನಾಗಿ ಉಬ್ಬಲಿ ಎಂದು ಹೆಚ್ಚು ಹಾಕುವವರು ಬಹಳ ಜನ. ಹೆಚ್ಚಾದಾಗ ಗುಳ್ಳೆಗಳು ದೊಡ್ಡದಾಗಿ ಒಡೆಯುತ್ತವೆ, ಕೇಕ್ ಮೊದಲು ಎತ್ತರಕ್ಕೆ ಏರಿ ಆಮೇಲೆ ನಡುವೆ ಕುಸಿಯುತ್ತದೆ. ಪೌಡರ್ ಹಳತಾಗಿದೆಯೇ ಎಂದು ತಿಳಿಯಲು ಒಂದು ಚಮಚವನ್ನು ಬಿಸಿ ನೀರಿಗೆ ಹಾಕಿ. ಬುಸ್ಸೆಂದು ನೊರೆ ಬರದಿದ್ದರೆ ಎಸೆಯಿರಿ. ಮೈದಾ ಸೇರಿಸಿದ ಮೇಲೆ ಹೆಚ್ಚು ಕಲಸಬೇಡಿ, ಜಿಗುಟು ಬಂದು ಕೇಕ್ ಗಡುಸಾಗುತ್ತದೆ. ಕಲಸಿದ ಹಿಟ್ಟನ್ನು ಕಾಯಿಸಲೂ ಬೇಡಿ. ಓವನ್ ಮೊದಲು ಬಿಸಿಯಾಗಲಿ, ಆಮೇಲೆ ಮೈದಾ ಬೆರೆಸಿ.

ಹಂತ 8: ಬೆಂದಿದೆಯೇ?

ರೆಸಿಪಿಯ ಸಮಯ ಒಂದು ಅಂದಾಜು. ಮುಕ್ಕಾಲು ಹೊತ್ತು ಕಳೆಯುವವರೆಗೆ ಬಾಗಿಲು ತೆರೆಯಬೇಡಿ, ಗಾಜಿನಿಂದಲೇ ನೋಡಿ. ಆಮೇಲೆ ಕಡ್ಡಿ ಚುಚ್ಚಿ: ಹಸಿ ಹಿಟ್ಟು ಅಂಟಿದರೆ ಇನ್ನೂ ಬೇಕು, ಒಂದೆರಡು ಮೆತ್ತನೆಯ ಪುಡಿ ಅಂಟಿದರೆ ತೆಗೆಯುವ ಹೊತ್ತು. ಬೆಣ್ಣೆ ಕೇಕ್ ಬೆಂದಾಗ ಅಂಚು ಟಿನ್ನಿನಿಂದ ತುಸು ಬಿಡುತ್ತದೆ, ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮತ್ತೆ ಮೇಲೇಳುತ್ತದೆ. ಚುಚ್ಚುವ ಥರ್ಮಾಮೀಟರಿನಲ್ಲಿ ನಡುಭಾಗ 96ರಿಂದ 99 ಡಿಗ್ರಿ ತೋರಿಸುತ್ತದೆ. ಹಿಟ್ಟು, ನೀರು, ಉಪ್ಪಿನ ಸಾದಾ ಬ್ರೆಡ್ 93ರಿಂದ 98, ಹಾಲು ಬೆಣ್ಣೆ ಹಾಕಿದ ಬ್ರೆಡ್ 88ರಿಂದ 90. ಕೋಳಿ ಮಾಂಸದ ದಪ್ಪ ಭಾಗ, ಮೂಳೆಗೆ ತಾಗದಂತೆ ಚುಚ್ಚಿದಾಗ, 74 ಮುಟ್ಟಲೇಬೇಕು. ಇದರಲ್ಲಿ ರಾಜಿ ಬೇಡ.

ಬಿಸ್ಕತ್ತು ಬಿಸಿಯಿದ್ದಾಗ ಮೆತ್ತಗೇ ಇರುತ್ತದೆ. ಅಂಚು ಹೊಂಬಣ್ಣ, ನಡು ಇನ್ನೂ ಮೃದು ಇರುವಾಗಲೇ ತೆಗೆಯಿರಿ, ಆರುತ್ತಾ ಗಟ್ಟಿಯಾಗುತ್ತದೆ. ಎರಡನೇ ಸರದಿಯ ಹಿಟ್ಟನ್ನು ಬಿಸಿ ಟ್ರೇ ಮೇಲೆ ಇಡಬೇಡಿ, ಓವನ್ ಸೇರುವ ಮುಂಚೆಯೇ ಬೆಣ್ಣೆ ಕರಗಿ ಹರಡಿಬಿಡುತ್ತದೆ.

ತರಕಾರಿ ಹುರಿಯುವಾಗ

ನೀರಿರುವವರೆಗೆ ತರಕಾರಿಯ ಮೇಲ್ಮೈ 100 ಡಿಗ್ರಿ ದಾಟುವುದು ಕಷ್ಟ. ಕಂದು ಬಣ್ಣ, ಆ ಹುರಿದ ಪರಿಮಳ ಚುರುಕಾಗಿ ಹುಟ್ಟುವುದು ಸುಮಾರು 140 ದಾಟಿದ ಮೇಲೆ. ಹಾಗಾಗಿ ತೊಳೆದದ್ದನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಂದೇ ಗಾತ್ರಕ್ಕೆ ಹೆಚ್ಚಿ. ಅರ್ಧ ಕಿಲೋಗೆ ಒಂದು ದೊಡ್ಡ ಚಮಚ ಎಣ್ಣೆ ಸವರಿ, ಒಂದಕ್ಕೊಂದು ತಾಗದಂತೆ ಒಂದೇ ಪದರ ಹರಡಿ. 220 ಡಿಗ್ರಿ, ಹೋಳಿನ ಗಾತ್ರ ನೋಡಿಕೊಂಡು 25ರಿಂದ 40 ನಿಮಿಷ, ನಡುವೆ ಒಮ್ಮೆ ಮಗುಚಿ. ಟ್ರೇ ತುಂಬ ರಾಶಿ ಹಾಕಿದರೆ ಬಿಟ್ಟ ನೀರಿನ ಆವಿಯಲ್ಲೇ ಬೇಯುತ್ತದೆ. ಹೆಚ್ಚಿದ್ದರೆ ಎರಡು ಸರದಿಯಲ್ಲಿ ಮಾಡಿ.

ಬ್ರೆಡ್ಡಿಗೆ ಆವಿ

ಮೊದಲ 10-15 ನಿಮಿಷ ಮೇಲ್ಮೈ ಒದ್ದೆಯಾಗಿದ್ದರೆ ಬ್ರೆಡ್ ಪೂರ್ತಿ ಉಬ್ಬುವವರೆಗೆ ತೊಗಟೆ ಗಟ್ಟಿಯಾಗುವುದಿಲ್ಲ. ಸುಲಭದ, ಸುರಕ್ಷಿತ ದಾರಿ ಎಂದರೆ ಮುಚ್ಚಳವಿರುವ ದಪ್ಪ ಕಬ್ಬಿಣದ ಪಾತ್ರೆ. ಪಾತ್ರೆಯನ್ನು 230 ಡಿಗ್ರಿಯಲ್ಲಿ ಚೆನ್ನಾಗಿ ಬಿಸಿ ಮಾಡಿ, ಹಿಟ್ಟಿಟ್ಟು ಮುಚ್ಚಿ 20 ನಿಮಿಷ, ಮುಚ್ಚಳ ತೆಗೆದು ಇನ್ನು 20 ನಿಮಿಷ. ಹಿಟ್ಟಿನಿಂದ ಬಿಡುವ ಆವಿಯೇ ಸಾಕಾಗುತ್ತದೆ. ಓವನ್ ಒಳಗೆ ಟ್ರೇಯಲ್ಲಿ ಬಿಸಿ ನೀರು ಸುರಿಯುವ ಸಲಹೆ ಹಲವೆಡೆ ಕಾಣುತ್ತದೆ. ರಾಡ್ ತೆರೆದಿರುವ ಒಟಿಜಿಯಲ್ಲಿ, ಕನ್ವೆಕ್ಷನ್ ಮೈಕ್ರೋವೇವ್‌ನಲ್ಲಿ ಅದನ್ನು ಮಾಡಲೇಬೇಡಿ. ಬ್ರೆಡ್ಡನ್ನು ಕನಿಷ್ಠ ಒಂದು ಗಂಟೆ ಜಾಲರಿಯ ಮೇಲೆ ಆರಿಸಿ. ಬಿಸಿಯಲ್ಲೇ ಕತ್ತರಿಸಿದರೆ ಒಳಗೆ ಅಂಟು ಅಂಟಾಗಿರುತ್ತದೆ, ಬೆಂದಿಲ್ಲ ಎಂದು ತಪ್ಪು ತಿಳಿಯುತ್ತೀರಿ.

ಕೆಟ್ಟಾಗ ಎಲ್ಲಿ ನೋಡಬೇಕು?

ಕೇಕ್ ಗೋಪುರದಂತೆ ಎದ್ದು ನಡುವೆ ಸೀಳಿದರೆ ಶಾಖ ಹೆಚ್ಚು: ಅಂಚು ಮೊದಲೇ ಗಟ್ಟಿಯಾಗಿ, ಒಳಗಿನ ಹಿಟ್ಟು ಸಿಕ್ಕ ಒಂದೇ ದಾರಿಯಲ್ಲಿ ಮೇಲೆ ಬಂದಿದೆ. 10-15 ಡಿಗ್ರಿ ಇಳಿಸಿ, ಹೆಚ್ಚು ಹೊತ್ತು ಬೇಯಿಸಿ. ನಡುವೆ ಕುಸಿದರೆ ಬೇಗ ತೆಗೆದಿದ್ದೀರಿ, ಬೇಗ ಬಾಗಿಲು ತೆರೆದಿದ್ದೀರಿ ಅಥವಾ ಬೇಕಿಂಗ್ ಪೌಡರ್ ಹೆಚ್ಚಾಗಿದೆ. ತಳ ಮಾತ್ರ ಸೀದರೆ ಟ್ರೇ ಕೆಳಗೆ ಇನ್ನೊಂದು ಟ್ರೇ ಜೋಡಿಸಿ, ಒಂದು ಮಟ್ಟ ಮೇಲಕ್ಕೆ ಇಡಿ. ಮೇಲೆ ಬಣ್ಣವೇ ಬರದೆ ಒಣಗಿದ್ದರೆ ಓವನ್ ತಣ್ಣಗಿದೆ, ಹಂತ 2ಕ್ಕೆ ಹಿಂತಿರುಗಿ.

ಬೇಯುತ್ತಿರುವಾಗಲೇ ಮೇಲೆ ಬೇಗ ಕಂದಾಗುವುದು ಕಂಡರೆ, ಮುಕ್ಕಾಲು ಹೊತ್ತು ಕಳೆದಿದ್ದರೆ, ಫಾಯಿಲ್ಲನ್ನು ಗುಡಾರದಂತೆ ಸಡಿಲವಾಗಿ ಹೊದಿಸಿ, ರಾಡಿಗೆ ತಾಗದಿರಲಿ. ಟಿನ್ ಹೊರಬಂದು ಐದು ನಿಮಿಷದೊಳಗೆ ಒಳಗೆ ಹಸಿ ಎಂದು ಗೊತ್ತಾದರೆ ಅದೇ ಫಾಯಿಲ್ ಹೊದಿಸಿ 160 ಡಿಗ್ರಿಯಲ್ಲಿ 10-15 ನಿಮಿಷ ಮತ್ತೆ ಇಡಬಹುದು. ಪೂರ್ತಿ ಆರಿ, ಕತ್ತರಿಸಿದ ಮೇಲೆ ಗೊತ್ತಾದರೆ ಇಡೀ ಕೇಕನ್ನು ಮತ್ತೆ ಓವನ್ನಿಗೆ ಹಾಕಿ ಪ್ರಯೋಜನವಿಲ್ಲ, ಅಂಚು ಒಣಗುತ್ತದೆಯೇ ಹೊರತು ನಡು ಉಬ್ಬುವುದಿಲ್ಲ. ಬೆಂದ ಅಂಚನ್ನು ಬೇರೆ ಮಾಡಿಕೊಂಡು, ಹಸಿ ಭಾಗವನ್ನು ತೆಳ್ಳಗೆ ಹೋಳು ಮಾಡಿ ಟ್ರೇ ಮೇಲೆ ಹರಡಿ, 150 ಡಿಗ್ರಿಯಲ್ಲಿ ಪೂರ್ತಿ ಒಣಗುವವರೆಗೆ ಬೇಯಿಸಿದರೆ ರಸ್ಕಿನಂತೆ ತಿನ್ನಲು ಬರುತ್ತದೆ.